ಇಪ್ಪತ್ತನೆಯ ಸುತ್ತು

ಜೂನ್ 14

ರಾಷ್ಟ್ರೀಯ ವೇಗನಡಿಗೆ ಕ್ರೀಡಾಪಟುಗಳ ಘನ ಸನ್ನಿಧಾನಕ್ಕೆ,

ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನ ಎಡತುದಿಯಲ್ಲಿ ವಿರಾಜಮಾನಳಾಗಿರುವ ನಾನು ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನನಗೆ ಶಿಕ್ಷೆಯಾಗಿದೆ. ಅಪರಾಧ ದೊಡ್ಡದಲ್ಲ. ನಮ್ಮ ಮುಖ್ಯೋಪಾಧ್ಯಾಯಿನಿಯವರು ಕಾರಿಡಾರಿನಲ್ಲಿ ನಡೆದು ಹೋಗುತ್ತಿದ್ದರು, ನಾನು ಅವರ ಹಿಂದೆ ಅವರಂತೆಯೇ ನಡೆದು ಹೋಗುತ್ತಿದ್ದೆ. ಅವರು ಎಂದೂ ಹಿಂತಿರುಗಿ ನೋಡುವವರಲ್ಲ ಎಂಬ ನನ್ನ ಆರು ತಿಂಗಳ ಸಂಶೋಧನೆ ಅಂದು ಸುಳ್ಳಾಯಿತು.

ತೀರ್ಪು ಹೀಗಿದೆ: ಶಾಲೆಯ ವಾರ್ಷಿಕ ಸಂಚಿಕೆಗೆ ‘ನಾನು ಮೆಚ್ಚಿದ ರಾಷ್ಟ್ರೀಯ ಕ್ರೀಡಾಪಟು’ ಎಂಬ ಪರಿಚಯ ಲೇಖನ ಬರೆಯತಕ್ಕದ್ದು. ಕ್ಲಾಸ್ ಟೀಚರ್ ಅದಕ್ಕೆ ಬಾಲವೊಂದನ್ನು ಸೇರಿಸಿದರು. ಆಟಗಾರರಿಗೇ ಕಾಗದ ಬರೆದು ಕೇಳಬೇಕು, ಫೋನಿನಲ್ಲಿ ಹುಡುಕಿ ಇಳಿಸಿಕೊಂಡ ಒಂದು ಸಾಲು ಕಂಡರೂ ಮತ್ತೆ ಮೊದಲಿನಿಂದ. ಯಾರನ್ನು ಮೆಚ್ಚಬೇಕು ಎಂದು ಕೇಳಿದ್ದಕ್ಕೆ, “ನಿನಗೆ ಬೇರೆಯವರ ನಡಿಗೆ ಅಂದ್ರೆ ಪ್ರಾಣ ಅಲ್ವಾ, ನಡೆಯೋರನ್ನೇ ಮೆಚ್ಕೋ” ಎಂದರು. ಹೀಗೆ ನಾನು ತಮ್ಮನ್ನು ಮೆಚ್ಚಿದ್ದೇನೆ. ವಿಳಾಸ ಕೊಟ್ಟವರು ಕ್ರೀಡಾ ಸಂಘದವರು. ಪ್ರಶ್ನೆಗಳು ಕೆಳಕಂಡಂತಿವೆ.

ಒಂದು: ಓಡಲು ಬರುವ ತಾವು ನಡೆಯುವುದೇಕೆ?
ಎರಡು: ಬಸ್ಸು ತಪ್ಪುವಂತಿದ್ದರೆ ತಾವು ಓಡುತ್ತೀರೋ, ಆಗಲೂ ನಡೆಯುತ್ತೀರೋ?
ಮೂರು: ಸೊಂಟ ಕುಣಿಸಿಕೊಂಡು ಹೋಗುವ ಆ ಭಂಗಿಯನ್ನು ಕಂಡು ದಾರಿಯಲ್ಲಿ ಹೋಗುವವರು ನಕ್ಕರೆ?
ನಾಲ್ಕು: ಗ್ರಂಥಾಲಯದ ಹಳೆಯ ಪತ್ರಿಕೆಯೊಂದರಲ್ಲಿ ತಮ್ಮ ಚಿತ್ರ ಸಿಕ್ಕಿತು. ಎರಡೂ ಕೈ ಮೇಲೆತ್ತಿದ್ದೀರಿ, ಮೂವತ್ತೆರಡು ಹಲ್ಲೂ ಎಣಿಸಬಹುದು. ಅದು ಯಾವ ಗೆಲುವು?
ಐದು: ಮುಂದಿನ ಗೆಲುವು ಯಾವಾಗ? ಸಂಚಿಕೆ ಡಿಸೆಂಬರಿನಲ್ಲಿ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮುಂಚೆ ಗೆದ್ದರೆ ಅನುಕೂಲ.

ತಮ್ಮ ಪಾದಧೂಳಿಯ ಬೆನ್ನು ಹತ್ತಿರುವ,
ಕಪಿ
(ಬಿರುದು ಕೊಟ್ಟದ್ದು ಶಾಲೆ. ಮನೆಯಲ್ಲೂ ಮಾನ್ಯತೆ ದೊರೆತಿದೆ.)


ಜೂನ್ 27

ವಿದ್ಯಾರ್ಥಿನಿಗೆ,

ಒಂದು: ಓಟದಲ್ಲಿ ನಾನು ಆರನೆಯವಳಾಗುತ್ತಿದ್ದೆ. ನಡಿಗೆಯಲ್ಲಿ ಮೊದಲನೆಯವಳಾದೆ.
ಎರಡು: ನಡೆಯುತ್ತೇನೆ. ಬಸ್ಸು ಸಿಗುತ್ತದೆ.
ಮೂರು: ನಗುತ್ತಾರೆ. ನನಗೆ ಇಪ್ಪತ್ತೊಂಬತ್ತು ವರ್ಷ, ಅಭ್ಯಾಸವಾಗಿದೆ.
ಐದು: ಇನ್ನು ಗೆಲುವು ಇಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲವೂ ರಾಷ್ಟ್ರೀಯ ಕೂಟದಲ್ಲಿ ಮೂರು ಕೆಂಪು ಕಾರ್ಡ್ ಬಿದ್ದು ನನ್ನನ್ನು ಹೊರಗೆ ಕಳಿಸಿದರು. ಈ ವರ್ಷ ನಾನು ಹೆಸರು ಕೊಡುತ್ತಿಲ್ಲ.

ಆದ್ದರಿಂದ ಬೇರೆ ಯಾರನ್ನಾದರೂ ಮೆಚ್ಚಿಕೊಳ್ಳುವುದು ನಿನಗೆ ಒಳ್ಳೆಯದು. ಉದ್ದ ಜಿಗಿಯುವ ಒಬ್ಬಳಿದ್ದಾಳೆ, ಚೆನ್ನಾಗಿ ಮಾತಾಡುತ್ತಾಳೆ. ಬೇಕಿದ್ದರೆ ವಿಳಾಸ ಕಳಿಸುತ್ತೇನೆ.

ನಾನು ಕೆಲಸ ಮಾಡುವುದು ಅಂಚೆಯ ವಿಂಗಡಣೆ ವಿಭಾಗದಲ್ಲಿ. ಬೆಳಿಗ್ಗೆ ತರಬೇತಿ, ಮಧ್ಯಾಹ್ನದಿಂದ ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವುದು. ನನ್ನದೇ ಹೆಸರಿನ ಕಾಗದ ನನ್ನ ಕೈಗೆ ಬಂದದ್ದು ಇದೇ ಮೊದಲು. ಅದಕ್ಕೆ ಉತ್ತರ ಬರೆದೆ.

ಶುಭವಾಗಲಿ.


ಜುಲೈ 3

ಮಾನ್ಯರೇ,

ಪ್ರಶ್ನೆ ನಾಲ್ಕನ್ನು ತಾವು ಬಿಟ್ಟಿದ್ದೀರಿ. ನಮ್ಮ ಟೀಚರಾಗಿದ್ದರೆ ಅರ್ಧ ಅಂಕ ಕಡಿತ. ನಾನು ಉದಾರಿ, ಕಾಯುತ್ತೇನೆ.

ಜಿಗಿಯುವವರ ಪ್ರಸ್ತಾಪವನ್ನು ನಮ್ಮ ಕಚೇರಿ ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಿದೆ. ಕಾರಣ ಎರಡು. ನಿಮ್ಮ ಹೆಸರನ್ನು ಆಗಲೇ ಟೀಚರಿಗೆ ಕೊಟ್ಟಾಗಿದೆ, ಅವರು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾರೆ. ಎರಡನೆಯದಾಗಿ, ಜಿಗಿತ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದು ಹೋಗುತ್ತದೆ. ಅದನ್ನು ಅಣಕಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಹೌದು, ತಪ್ಪೊಪ್ಪಿಕೊಳ್ಳಬೇಕು. ನಿಮ್ಮ ಹೋದ ವರ್ಷದ ಸ್ಪರ್ಧೆಯನ್ನು ಯಾರೋ ರಸ್ತೆ ಬದಿಯಲ್ಲಿ ಸೈಕಲ್ಲಿನಲ್ಲಿ ಜೊತೆಗೇ ಬರುತ್ತ ವಿಡಿಯೋ ಮಾಡಿದ್ದಾರೆ. ಅದನ್ನು ಹತ್ತು ಸಲ ನೋಡಿ ನಿಮ್ಮ ನಡಿಗೆಯನ್ನು ಕಲಿತು ಮಧ್ಯಾಹ್ನದ ಬಿಡುವಿನಲ್ಲಿ ಪ್ರದರ್ಶಿಸಿದೆ. ಜನಸ್ತೋಮ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ತಾವೂ ನಡೆದು ನೋಡಿದರು. ಮೈದಾನದ ಅರ್ಧ ಸುತ್ತಿಗೆ ಎಲ್ಲರೂ ಪಕ್ಕೆ ಹಿಡಿದುಕೊಂಡು ಕುಳಿತರು, ಆಗ ನಗು ನಿಂತಿತು. ನೀವು ಇಪ್ಪತ್ತು ಕಿಲೋಮೀಟರ್ ಹೀಗೆ ಹೋಗುತ್ತೀರಿ ಎಂದೆ. ಯಾರೂ ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇಲ್ಲ.

ನಮ್ಮ ಮನೆಯಲ್ಲಿ ನಡಿಗೆ ತಮಾಷೆಯ ವಿಷಯವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಪ್ಪ ಕಾಲು ಮಾಡುತ್ತಾರೆ. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು ಕೃತಕ ಕಾಲು ಮಾಡಿ, ತೊಡಿಸಿ, ನಡೆಯಲು ಕಲಿಸುತ್ತಾರೆ. ಅಮ್ಮ ಅದಕ್ಕೆ ಚರ್ಮದ ಪಟ್ಟಿ ಹೊಲಿಯುತ್ತಾಳೆ. ಮನೆಯ ಹಿಂದಿನ ಕೋಣೆಯ ಗೋಡೆಗೆ ಸಾಲಾಗಿ ಕಾಲುಗಳು ನೇತಾಡುತ್ತಿರುತ್ತವೆ. ಹೊಸಬರು ಬಂದರೆ ಬೆಚ್ಚಿ ಬೀಳುತ್ತಾರೆ. ನಾನು ಅವುಗಳ ಕೆಳಗೇ ಕುಳಿತು ಲೆಕ್ಕ ಮಾಡುತ್ತೇನೆ.

ಆ ಕೆಂಪು ಕಾರ್ಡ್ ಏನೆಂದು ದಯವಿಟ್ಟು ತಿಳಿಸಿ. ಲೇಖನಕ್ಕಾಗಿ ಅಲ್ಲ, ನನಗೆ.

ತಿರಸ್ಕಾರಕ್ಕೆ ಜಗ್ಗದ,
ಕಪಿ


ಜುಲೈ 16

ಕಪಿಗೆ,

ನನ್ನನ್ನು ಅಣಕಿಸಿ, ಅದನ್ನು ನನಗೇ ಕಾಗದ ಬರೆದು ತಿಳಿಸಿದವಳು ನೀನೊಬ್ಬಳೇ. ವಿಂಗಡಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರೆಲ್ಲ ನಿನ್ನ ಕಾಗದ ಓದಿದ್ದಾರೆ. ಒಬ್ಬರು ಪಾರ್ಸೆಲ್ ಗಾಡಿಗೆ ಒರಗಿಕೊಂಡು ನಗುತ್ತಿದ್ದರು.

ಕೇಳಿದ್ದಕ್ಕೆ ಹೇಳುತ್ತೇನೆ. ನಮ್ಮ ಆಟಕ್ಕೆ ಎರಡೇ ನಿಯಮ. ಒಂದು ಪಾದ ಯಾವಾಗಲೂ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ಮೈ ಅದರ ಮೇಲೆ ಬರುವವರೆಗೂ ಮಂಡಿ ಮಡಚಬಾರದು. ರಸ್ತೆಯ ಉದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ಬರಿಗಣ್ಣಿಗೆ ತಪ್ಪು ಕಂಡರೆ ಒಂದೊಂದು ಕೆಂಪು ಕಾರ್ಡ್ ಬರೆಯುತ್ತಾರೆ. ಮೂರು ಜನ ಬೇರೆ ಬೇರೆ ತೀರ್ಪುಗಾರರಿಂದ ಮೂರು ಬಿದ್ದರೆ ಮುಖ್ಯ ತೀರ್ಪುಗಾರರು ಎದುರಿಗೆ ಬಂದು ಕೆಂಪು ಫಲಕ ಹಿಡಿಯುತ್ತಾರೆ. ಅಲ್ಲಿಗೆ ಮುಗಿಯಿತು. ಹೋದ ವರ್ಷ ನನಗೆ ಹಿಡಿದದ್ದು ಹದಿನೆಂಟನೆಯ ಸುತ್ತಿನಲ್ಲಿ. ಒಂದು ಸುತ್ತಿಗೆ ಒಂದು ಕಿಲೋಮೀಟರ್, ಒಟ್ಟು ಇಪ್ಪತ್ತು ಸುತ್ತು. ಆಗ ನಾನೇ ಮುಂದಿದ್ದೆ.

ಮೂರೂ ಕಾರ್ಡ್ ಬಲಮಂಡಿಗೆ. ತರಬೇತಿಯಲ್ಲಿ ಒಂದು ದಿನವೂ ಅದು ಮಡಚುವುದಿಲ್ಲ. ಕೋಚ್ ನೆಲದ ಮೇಲೆ ಮಲಗಿ ನೋಡಿದ್ದಾರೆ, ಪಕ್ಕದಲ್ಲಿ ಸೈಕಲ್ಲಿನಲ್ಲಿ ಬಂದು ನೋಡಿದ್ದಾರೆ. ಕಂಬದ ಹಾಗಿದೆ ಎನ್ನುತ್ತಾರೆ. ಸ್ಪರ್ಧೆಗೆ ಹೋದರೆ ಮಾತ್ರ ಅದಕ್ಕೆ ಏನೋ ಆಗುತ್ತದೆ. ಮೂರನೆಯ ವರ್ಷವೂ ಹೊರಬಿದ್ದರೆ ರಾಷ್ಟ್ರೀಯ ತಂಡದ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ತೆಗೆಸಿಕೊಳ್ಳುವುದಕ್ಕಿಂತ ನಾನೇ ಬಿಡುವುದು ಮೇಲು. ಹೆಸರು ಕೊಡಲು ಆಗಸ್ಟ್ ಮೂವತ್ತೊಂದು ಕೊನೆಯ ದಿನ, ಸ್ಪರ್ಧೆ ನವೆಂಬರಿನಲ್ಲಿ. ಕೋಚ್ ದಿನವೂ ಕೇಳುತ್ತಾರೆ. ನಾನು ಶೂ ಕಟ್ಟಿಕೊಳ್ಳುವಂತೆ ಬಗ್ಗಿಬಿಡುತ್ತೇನೆ.

ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸು.

ನಡಿಗೆಯವಳು


ಜುಲೈ 29

ಮಾನ್ಯರೇ, ಅಲ್ಲ, ಅಕ್ಕಾ,

ಇದು ಅತ್ಯಂತ ಗಂಭೀರವಾದ ಕಾಗದ. ಕುರ್ಚಿಯ ಮೇಲೆ ಕುಳಿತುಕೊಂಡು ಓದಿ.

ಭಾನುವಾರ ಅಪ್ಪನ ಕೋಣೆಗೆ ನುಗ್ಗಿದ್ದೆ. ಅಲ್ಲಿ ಎರಡು ಉದ್ದನೆಯ ಸರಳುಗಳಿವೆ, ನಡುವೆ ನೆಲದ ಮೇಲೆ ಬಿಳಿ ಗೆರೆ, ಗೆರೆಯ ತುದಿಗೆ ಆಳೆತ್ತರದ ಕನ್ನಡಿ. ಹೊಸ ಕಾಲಿನವರು ಸರಳು ಹಿಡಿದು ಕನ್ನಡಿ ನೋಡುತ್ತ ನಡೆಯುವುದನ್ನು ಕಲಿಯುವುದು ಅಲ್ಲೇ. ಆ ಕೋಣೆಗೆ ಅಪ್ಪನ ಒಂದು ಕಾನೂನಿದೆ: ಯಾರ ನಡಿಗೆಯನ್ನೂ ಅಲ್ಲಿ ಅಣಕಿಸುವಂತಿಲ್ಲ. ನಾನು ಮುರಿಯದ ಏಕೈಕ ಕಾನೂನು ಅದು. ಆದರೆ ನಿಮ್ಮ ನಡಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ನಾನೇ ವಾದಿಸಿ ನಾನೇ ಗೆದ್ದು ಅಭ್ಯಾಸ ಶುರು ಮಾಡಿದ್ದೆ. ಅಷ್ಟರಲ್ಲಿ ಕನ್ನಡಿಯಲ್ಲಿ ಅಪ್ಪ ಕಂಡರು. ಅವರ ಕಣ್ಣು ಕೆಂಪಗಿತ್ತು. ಇದು ಅಣಕವಲ್ಲ, ರಾಷ್ಟ್ರೀಯ ನಡಿಗೆ, ಶಾಲೆಯ ಕೆಲಸ ಎಂದೆ. ಹಾಗಾದರೆ ಸರಿಯಾಗಿ ಮಾಡು, ನೋಡುತ್ತೇನೆ ಎಂದು ಸ್ಟೂಲ್ ಎಳೆದುಕೊಂಡು ಕುಳಿತರು.

ನಾಲ್ಕು ಸಲ ಹೋಗಿ ಬಂದೆ. ಅವರು ನನ್ನ ಮುಖವನ್ನು ನೋಡಲೇ ಇಲ್ಲ. ಆಮೇಲೆ ಕೇಳಿದರು.

“ನಡುನಡುವೆ ಎಡಗೈ ಎತ್ತುತೀಯಲ್ಲ, ಅದೇನು?”

“ವಾಚ್ ನೋಡ್ಕೋತಾರೆ ಅಪ್ಪಾ. ಅಕ್ಕ ಹಾಗೇ ಮಾಡೋದು. ಸುತ್ತು ಮುಗಿದಾಗ ಬಲಗೈಯಲ್ಲಿ ಅದರ ಗುಂಡಿನೂ ಒತ್ತುತಾರೆ.”

“ಅದನ್ನ ಬಿಟ್ಟು ನಡಿ.”

ನಡೆದೆ.

“ಈಗ ಸೇರಿಸ್ಕೊಂಡು ನಡಿ.”

ನಡೆಯುವಾಗ ಅವರು ಮೊಣಕಾಲೂರಿ ಪಕ್ಕದಲ್ಲೇ ಬಂದರು, ಅಂಗೈಯನ್ನು ನನ್ನ ಬಲಮಂಡಿಯ ಹಿಂದೆ ಇಟ್ಟುಕೊಂಡು. ನಾನು ಕೈ ಎತ್ತಿದ ತಕ್ಷಣ ಅಂಗೈಯಲ್ಲಿ ಚಟಕ್ಕನೆ ಒಂದು ಏಟು ಕೊಟ್ಟರು.

“ಇಲ್ಲಿ ನೋಡು. ಎಡಗೈ ನಿಂತ್ರೆ ಬಲಗಾಲು ಅದಕ್ಕೆ ಕಾಯುತ್ತೆ. ಕಾಯೋವಾಗ ಮಂಡಿ ಸಡಿಲ ಬಿಡುತ್ತೆ. ನನ್ನ ಹತ್ರ ಬರೋರಿಗೆ ಮೊದಲ ವಾರ ನಾನು ಕಲಿಸೋದು ಕಾಲಲ್ಲ, ಕೈ ಬೀಸೋದು.”

ಅಮ್ಮನೂ ಸೂಜಿ ಬಿಟ್ಟು ಬಂದಳು. ಮೂವರೂ ಕುಳಿತು ವಿಡಿಯೋ ನೋಡಿದೆವು. ಸಿಕ್ಕಿರುವುದು ಹನ್ನೆರಡರಿಂದ ಹದಿನೆಂಟರವರೆಗಿನ ಸುತ್ತು ಮಾತ್ರ. ಅಷ್ಟರಲ್ಲಿ ನೀವು ವಾಚ್ ಮುಟ್ಟಿದ್ದು, ನೋಡಿದ್ದು ಸೇರಿ ಮೂವತ್ತೊಂದು ಸಲ. ಮಂಡಿ ಮಡಚಿದ್ದು ಇಪ್ಪತ್ತಾರು ಸಲ. ಬೇರೆ ಹೊತ್ತಿನಲ್ಲಿ ಒಂದು ಸಲವೂ ಇಲ್ಲ. ತರಬೇತಿಯಲ್ಲಿ ಕೋಚ್ ಪಕ್ಕದಲ್ಲೇ ಇರುತ್ತಾರೆ, ನೀವು ವಾಚ್ ಕಟ್ಟುವುದಿಲ್ಲವೇನೋ ಎಂದು ಅಪ್ಪನ ಊಹೆ. ಅದಕ್ಕೇ ಅವರಿಗೆ ಕಂಡಿಲ್ಲ.

ಸಾರಾಂಶ: ತಾವು ಎರಡು ವರ್ಷದಿಂದ ಸೋತದ್ದು ಮಂಡಿಯಿಂದಲ್ಲ, ಮುಂಗೈಯಿಂದ. ವಾಚ್ ಬಿಚ್ಚಿ ಡ್ರಾಯರಿಗೆ ಹಾಕಿ, ಹೆಸರು ಕೊಟ್ಟು ಬನ್ನಿ.

ವಿಜಯದ ಅಮಲಿನಲ್ಲಿರುವ,
ಕಪಿ ಮತ್ತು ಪರಿವಾರ


ಆಗಸ್ಟ್ 6

ವಿದ್ಯಾರ್ಥಿನಿಗೆ,

ಹನ್ನೊಂದು ವರ್ಷದಿಂದ ನಾನು ಈ ಆಟದಲ್ಲಿದ್ದೇನೆ. ನನ್ನ ಕೋಚ್ ಅದಕ್ಕೂ ಮುಂಚಿನಿಂದ ಇದ್ದಾರೆ. ನನ್ನ ಸೋಲನ್ನು ನಿಮ್ಮ ಮನೆಯವರೆಲ್ಲ ಸುತ್ತ ಕುಳಿತು ಎಣಿಸಿದ್ದು ನನಗೆ ಹಿಡಿಸಲಿಲ್ಲ.

ವಾಚಿನ ತಂಟೆಗೆ ಬರಬೇಡ. ಅದು ಯಾಕಿದೆ ಎಂದು ನಿನಗೆ ಗೊತ್ತಿಲ್ಲ.

ಪರಿಚಯ ಲೇಖನಕ್ಕೆ ಬೇಕಾದಷ್ಟು ವಿವರ ಈಗಾಗಲೇ ಸಿಕ್ಕಿದೆ ಎಂದುಕೊಳ್ಳುತ್ತೇನೆ.


ಆಗಸ್ಟ್ 12

ಅಕ್ಕಾ,

ತಪ್ಪಾಯಿತು. ಈ ಒಂದು ಪದವನ್ನು ನಾನು ಹಿಂದೆ ಬಹಳ ಸಲ ಬರೆದಿದ್ದೇನೆ, ಒಮ್ಮೆ ಮುಖ್ಯೋಪಾಧ್ಯಾಯಿನಿಯವರ ಆಜ್ಞೆಯಂತೆ ಇನ್ನೂರು ಸಲ. ಮನಸ್ಸಿನಿಂದ ಬರೆಯುತ್ತಿರುವುದು ಈಗ.

ನಿಮ್ಮ ಕಾಗದವನ್ನು ಅಪ್ಪನಿಗೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮನ್ನೇ ಬೈದುಕೊಂಡರು. ಯಾರಾದರೂ ತಾವಾಗಿ ಬಂದು ಕೇಳುವ ಮೊದಲು ಅವರ ಕಾಲಿನ ಮಾತೆತ್ತಬಾರದು ಎಂದು ಅವರಿಗೇ ಅವರದೊಂದು ಕಾನೂನಿದೆಯಂತೆ, ಅದನ್ನು ಮುರಿದೆ ಎಂದರು. ಇಡೀ ದಿನ ಒಂದು ಪಟ್ಟಿಯ ಕೊಕ್ಕೆಯನ್ನು ಹಾಕುತ್ತ ಬಿಚ್ಚುತ್ತ ಕುಳಿತಿದ್ದರು.

ಲೇಖನಕ್ಕೆ ವಿವರ ಸಾಕು ಎಂದಿರಿ. ಸಾಕಾಗಿದೆ. ಆದರೆ ಅದನ್ನು ಬರೆಯಲು ಕುಳಿತರೆ ‘ಅವರು ನಡೆಯುತ್ತಿದ್ದರು’ ಎಂದು ಬರುತ್ತದೆ. ‘ನಡೆಯುತ್ತಾರೆ’ ಎಂದು ತಿದ್ದುತ್ತೇನೆ. ಮತ್ತೆ ನೋಡಿದರೆ ಅದು ಸುಳ್ಳು ಎನಿಸುತ್ತದೆ. ಹೀಗೆ ಒಂದೇ ಸಾಲಿನಲ್ಲಿ ನಾಲ್ಕು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಇವತ್ತು ತಮಾಷೆ ಇಲ್ಲ.

ಕಪಿ


ಸೆಪ್ಟೆಂಬರ್ 2

ಕಪಿಗೆ,

ಪ್ರಶ್ನೆ ನಾಲ್ಕಕ್ಕೆ ಉತ್ತರ.

ಆ ಚಿತ್ರ ಗೆಲುವಿನದಲ್ಲ. ಆರು ವರ್ಷದ ಹಿಂದಿನ ಸ್ಪರ್ಧೆ. ದಾರಿಯ ಆಚೆ ಬದಿಯಲ್ಲಿ ಕೋಚ್ ನಿಂತಿದ್ದರು. ನಾನು ಮುಂದಿದ್ದೆ. ಅವರು ಇದೇ ಕೊನೆಯ ಸುತ್ತು, ಬಿಡು ಎಂದು ಕೂಗಿದರು. ನಾನು ಮೈಯಲ್ಲಿದ್ದುದನ್ನೆಲ್ಲ ಬಿಟ್ಟು ನಡೆದೆ. ಕೊನೆಯ ಸುತ್ತಿಗೆ ಬಾರಿಸುವ ಗಂಟೆ ಕೇಳಿರಲಿಲ್ಲ. ಆದರೂ ಅವರು ಹೇಳಿದ್ದಾರಲ್ಲ ಎಂದು ಗೆರೆ ದಾಟಿ, ನಿಂತು, ಕೈ ಎತ್ತಿದೆ. ಚಿತ್ರ ತೆಗೆದದ್ದು ಆಗ. ಮರುಕ್ಷಣ ನನ್ನ ಹಿಂದೆಯೇ ಗಂಟೆ ಬಾರಿಸಿತು. ಅದು ಹತ್ತೊಂಬತ್ತನೆಯ ಸುತ್ತು. ಉಳಿದವರು ನನ್ನ ಪಕ್ಕದಿಂದ ಹಾದು ಹೋದರು. ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಒಂಬತ್ತನೆಯವಳಾಗಿ ಮುಗಿಸಿದೆ.

ಕೋಚ್ ಒಂದು ಸುತ್ತು ತಪ್ಪು ಎಣಿಸಿದ್ದರು. ಅವರು ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಮುಂದಿನ ಸ್ಪರ್ಧೆಗೆ ವಾಚ್ ಕಟ್ಟಿಕೊಂಡು ಹೋದೆ. ಅವರು ಅದನ್ನು ನೋಡಿದರು. ಅಂದಿನಿಂದ ಅವರು ಕೂಗುವುದು ನನ್ನ ಕಿವಿಗೆ ಬೀಳುತ್ತದೆ, ಆದರೆ ನಾನು ವಾಚನ್ನೇ ಕೇಳುತ್ತೇನೆ. ಮೊದಮೊದಲು ಸುತ್ತಿಗೊಮ್ಮೆ ನೋಡುತ್ತಿದ್ದೆ. ಈಗ ಅದರ ಮೇಲೂ ನಂಬಿಕೆ ಸಾಲದು ಎಂದು ಕಾಣುತ್ತದೆ. ಮೂವತ್ತೊಂದು ಸಲ.

ನಿಮ್ಮ ಲೆಕ್ಕ ಸರಿಯಾಗಿದೆ. ನನ್ನ ಬಳಿ ಪೂರ್ತಿ ವಿಡಿಯೋ ಇದೆ, ಒಬ್ಬಳೇ ಕುಳಿತು ಎಣಿಸಿದೆ.

ಮೂವತ್ತೊಂದನೆಯ ತಾರೀಖು ಕಚೇರಿ ಮುಚ್ಚಲು ಹತ್ತು ನಿಮಿಷವಿರುವಾಗ ಹೋಗಿ ಹೆಸರು ಕೊಟ್ಟೆ. ನಡೆದೇ ಹೋದೆ. ಆದರೆ ವಾಚ್ ಬಿಚ್ಚಬೇಕೆಂದರೆ ಕೋಚ್ ಅವರ ಎಣಿಕೆಯನ್ನು ನಂಬಬೇಕು. ಅದು ಕಚೇರಿಗೆ ಹೋದಷ್ಟು ಸುಲಭವಲ್ಲ. ಬಿಚ್ಚಿ ಇಟ್ಟು ಹೋದರೂ ಬರಿ ಮುಂಗೈಯನ್ನೇ ನೋಡುತ್ತೇನೆ. ಹೋದ ವಾರ ಹಾಗೆ ಮಾಡಿ ನೋಡಿದೆ.

ಇದು ಲೇಖನಕ್ಕಲ್ಲ. ಅವರಿಗೆ ವಯಸ್ಸಾಗಿದೆ, ಈ ಊರಿನಲ್ಲಿ ಅವರಿಗೆ ಮರ್ಯಾದೆ ಇದೆ. ನಿನಗೆ ಯಾಕೆ ಹೇಳಿದೆನೋ. ಯಾರಿಗೂ ಹೇಳಿರಲಿಲ್ಲ.

ನಿಮ್ಮ ತಂದೆಯವರು ತಮ್ಮನ್ನು ಬೈದುಕೊಳ್ಳುವುದು ಬೇಡ. ಈಗ ನಾನೇ ಬಂದು ಕೇಳುತ್ತಿದ್ದೇನೆ ಎಂದು ಹೇಳು. ಕೈಯನ್ನು ಏನು ಮಾಡಲಿ?

ನಡಿಗೆಯವಳು


ಸೆಪ್ಟೆಂಬರ್ 10

ಅಕ್ಕಾ,

ನಿಮ್ಮ ಗುಟ್ಟನ್ನು ಅಪ್ಪನಿಗೂ ಹೇಳಿಲ್ಲ. ಕೊನೆಯ ಪ್ಯಾರಾ ಮಾತ್ರ ಓದಿದೆ, ಉಳಿದದ್ದರ ಮೇಲೆ ಅಂಗೈ ಮುಚ್ಚಿಕೊಂಡಿದ್ದೆ. ನಮ್ಮ ಮನೆತನದ ಇತಿಹಾಸದಲ್ಲಿ ನಾನು ಮಾತು ಮುಚ್ಚಿಟ್ಟದ್ದು ಇದೇ ಮೊದಲು, ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಅಪ್ಪನ ಉತ್ತರವನ್ನು ಅವರ ಮಾತಿನಲ್ಲೇ ಕಳಿಸುತ್ತಿದ್ದೇನೆ. “ಹೊಸಬರು ಸರಳನ್ನ ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ. ಬಿಡಿ ಅಂದ್ರೆ ಇನ್ನೂ ಗಟ್ಟಿ ಹಿಡೀತಾರೆ. ನಾನು ಬಿಡಿ ಅನ್ನಲ್ಲ. ಕೈ ಚಾಚ್ತೀನಿ, ಕೊಡಿ ಅಂತೀನಿ. ಕೈಲಿರೋದನ್ನ ಸುಮ್ಮನೆ ಬಿಡೋದು ಯಾರಿಗೂ ಆಗಲ್ಲ. ಇನ್ನೊಬ್ಬರ ಕೈಗೆ ಕೊಡೋದು ಆಗುತ್ತೆ.”

ಇದರ ಅರ್ಥ ನಿಮಗಾಗುತ್ತದೆ ಎಂದರು. ನನಗೆ ಆಗಿಲ್ಲ ಎಂದು ನಟಿಸಿದೆ.

ಲೇಖನದ ಸ್ಥಿತಿಗತಿ: ಆ ಒಂದು ಸಾಲನ್ನು ‘ಅವರು ನಡೆಯಲಿದ್ದಾರೆ’ ಎಂದು ತಿದ್ದಿದ್ದೇನೆ. ಸ್ಪರ್ಧೆಯ ದಿನ ನನಗೆ ಗಣಿತದ ಪರೀಕ್ಷೆ. ಬರುವುದಕ್ಕಾಗುವುದಿಲ್ಲ. ಅಂದು ನನಗೆ ಬೀಳುವ ಅಂಕಗಳಿಗೆ ತಾವೇ ಹೊಣೆ.

ಬಾಯಿಗೆ ಬೀಗ ಹಾಕಿಕೊಂಡಿರುವ,
ಕಪಿ


ನವೆಂಬರ್ 17

ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನ ಎಡತುದಿಯ ಮಹಾಸನ್ನಿಧಾನಕ್ಕೆ,

ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ. ಇರು, ನನಗೆ ಈ ಧಾಟಿ ಬರುವುದಿಲ್ಲ. ನೇರವಾಗಿ ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಶುರು. ಸಾಲಿನಲ್ಲಿ ನಿಲ್ಲಲು ಕರೆದಾಗ ನಾನು ಕೋಚ್ ಹತ್ತಿರ ಹೋದೆ. ಏನು ಹೇಳಬೇಕೆಂದು ಹತ್ತು ವಾರ ಯೋಚಿಸಿದ್ದೆ. ವಾಚ್ ಬಿಚ್ಚಿ ಅವರ ಮುಂದೆ ಹಿಡಿದೆ. “ಇದನ್ನ ಇಟ್ಕೊಳ್ಳಿ ಸಾರ್, ನೀವೇ ಎಣಿಸಿ” ಎಂದೆ.

ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿದರು, ವಾಚ್ ನೋಡಿದರು, ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡರು. ಅಷ್ಟು ಚಿಕ್ಕ ವಾಚಿಗೆ ಎರಡು ಕೈ.

ಮೊದಲ ಐದು ಸುತ್ತು ನರಕ. ಮುಂಗೈ ತುರಿಸುತ್ತಿತ್ತು. ದಾರಿಯ ಆಚೆ ತಿರುವಿನಲ್ಲಿ ಅವರು ನಿಂತಿದ್ದರು. ಪ್ರತಿ ಸಲ ಹಾದು ಹೋಗುವಾಗ ಎಷ್ಟು ಮುಗಿಯಿತು ಎಂದಷ್ಟೇ ಹೇಳುತ್ತಿದ್ದರು, ಕೂಗದೆ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುವವರ ಹಾಗೆ. ಎಂಟನೆಯದರ ಹೊತ್ತಿಗೆ ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಕಪಿ, ಆರು ವರ್ಷದಲ್ಲಿ ಮೊದಲ ಸಲ ನನಗೆ ದಾರಿಯ ಮರಗಳು ಕಂಡವು.

ಹದಿನಾಲ್ಕರಲ್ಲಿ ಒಂದು ಕೆಂಪು ಕಾರ್ಡ್ ಬಿತ್ತು. ಯಾರಿಗೆ ಎಷ್ಟು ಕಾರ್ಡ್ ಎಂದು ತೋರಿಸುವ ಫಲಕದಲ್ಲಿ ನನ್ನ ನಂಬರಿನ ಪಕ್ಕ ಕೆಂಪು ಚುಕ್ಕಿ ಕಂಡಿತು. ತಿರುವಿಗೆ ಬಂದಾಗ ಕೋಚ್ ಅದರ ಮಾತೇ ಎತ್ತಲಿಲ್ಲ. “ಹದಿನಾಲ್ಕು. ಕೈ ಚೆನ್ನಾಗಿದೆ” ಎಂದರು. ನಿಮ್ಮ ತಂದೆಯವರು ಅಲ್ಲೇ ಎಲ್ಲೋ ನಿಂತಿದ್ದಾರೆ ಎನಿಸಿತು.

ಹದಿನೆಂಟು ದಾಟಿತು. ಕೆಂಪು ಫಲಕ ಹಿಡಿದು ಯಾರೂ ಎದುರಿಗೆ ಬರಲಿಲ್ಲ. ನನ್ನ ಮುಂದೆ ಒಬ್ಬಳೇ ಇದ್ದಳು, ನನಗಿಂತ ಎಂಟು ವರ್ಷ ಚಿಕ್ಕವಳು, ನಲವತ್ತು ಮೀಟರ್ ಆಚೆ. ತಿರುವು ಬಂತು. ಈ ಸಲ ಕೋಚ್ ರಸ್ತೆಯಂಚಿನ ಹಗ್ಗದವರೆಗೂ ಬಗ್ಗಿ ನಿಂತಿದ್ದರು.

“ಇನ್ನು ಒಂದೂವರೆ ಇದೆ. ಈಗ ಬಿಡು.”

ಆ ದನಿಯನ್ನು ನೀನು ಕೇಳಬೇಕಿತ್ತು. ಆಜ್ಞೆ ಅಲ್ಲ. ಕೇಳಿಕೊಳ್ಳುವ ದನಿ.

ಇನ್ನೂ ಗಂಟೆ ಬಾರಿಸಿಲ್ಲ. ಅವರ ಲೆಕ್ಕ ಒಂದು ಸುತ್ತು ತಪ್ಪಿದ್ದರೆ ಕೊನೆಯ ಕಿಲೋಮೀಟರಿಗೆ ನನ್ನಲ್ಲಿ ಏನೂ ಉಳಿಯುವುದಿಲ್ಲ. ಸುತ್ತಿನ ಸಂಖ್ಯೆ ತೋರಿಸುವ ಫಲಕ ಇನ್ನೂ ಅರ್ಧ ಕಿಲೋಮೀಟರ್ ದೂರ. ನಾನು ಬಿಟ್ಟೆ. ಕೈ ಬೀಸಿದೆ, ಕಾಲು ತಾನಾಗಿ ಬಂತು. ಮುನ್ನೂರು ಮೀಟರಿನಲ್ಲಿ ಅವಳ ಬೆನ್ನು ಹತ್ತಿರವಾಯಿತು, ಆಮೇಲೆ ಭುಜ, ಆಮೇಲೆ ಅವಳ ಉಸಿರು ನನ್ನ ಹಿಂದಿನಿಂದ ಕೇಳಿತು. ಗೆರೆಯ ಹತ್ತಿರ ಬಂದಾಗ ನಾನೇ ಮೊದಲು.

ಗಂಟೆ ಬಾರಿಸಿತು. ನನಗಾಗಿ ಬಾರಿಸಿತು.

ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ನಗುತ್ತಿದ್ದೆನಂತೆ, ಒಬ್ಬ ತೀರ್ಪುಗಾರರು ಆಮೇಲೆ ಹೇಳಿದರು. ನಗುವುದಕ್ಕೆ ಕಾರ್ಡ್ ಇಲ್ಲವಂತೆ. ಇಪ್ಪತ್ತು ಸುತ್ತು, ಒಂದೇ ಕಾರ್ಡ್, ಹನ್ನೆರಡು ಸೆಕೆಂಡು ಮುಂದೆ. ನನ್ನ ಜೀವನದಲ್ಲೇ ಅತ್ಯುತ್ತಮ ಸಮಯ. ಸಮಯ ನೋಡದೆ ನಡೆದದ್ದಕ್ಕೆ. ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಕೋಚ್ ಓಡಿ ಬಂದರು. ವಾಚ್ ಕೊಡಲು ಎಡಜೇಬಿಗೆ ಕೈ ಹಾಕಿದರು, ಅದು ಸಿಗಲಿಲ್ಲ. ಬಲಜೇಬಿಗೆ ಕೈ ಹಾಕಿ ಎಳೆದರೆ ಅದರ ಜೊತೆಗೇ ಒಂದು ರಾಶಿ ಬೆಣಚುಕಲ್ಲು ಹೊರಬಂದು ರಸ್ತೆಯ ಮೇಲೆ ಚೆಲ್ಲಿತು. ನಾನು ಬಗ್ಗಿ ಹೆಕ್ಕಿದೆ. ಇಪ್ಪತ್ತು ಇದ್ದವು. ಶುರುವಿನಲ್ಲಿ ಎಲ್ಲವೂ ಎಡಜೇಬಿನಲ್ಲಿ, ನಾನು ಒಮ್ಮೆ ಹಾದು ಹೋದರೆ ಒಂದು ಬಲಜೇಬಿಗೆ. ಇದು ಯಾವಾಗಿನಿಂದ ಎಂದು ಕೇಳಿದೆ.

“ಆರು ವರ್ಷ ಆಯ್ತು” ಎಂದರು. “ಪ್ರತಿ ಸ್ಪರ್ಧೆಯಲ್ಲೂ ಎಣಿಸ್ತಿದ್ದೆ. ನೀನು ನನ್ನ ಕಡೆ ನೋಡ್ತಿರಲಿಲ್ಲ.”

ಜೇಬಿನ ಒಳಗಡೆ ಬೇರೆ ಬಣ್ಣದ ದಾರದಲ್ಲಿ ಎರಡು ಮೂರು ಕಡೆ ಹೊಲಿಗೆ ಹಾಕಿತ್ತು. ಕಲ್ಲಿನ ಭಾರಕ್ಕೆ ಹರಿಯುತ್ತದಂತೆ.

ನಾವಿಬ್ಬರೂ ರಸ್ತೆಯ ಪಕ್ಕದ ಕಲ್ಲುಹಾಸಿನ ಮೇಲೆ ಬಹಳ ಹೊತ್ತು ಕುಳಿತಿದ್ದೆವು. ಪದಕ ಕೊಡುವವರು ಎರಡು ಸಲ ಕೂಗಿದ ಮೇಲೆ ಎದ್ದೆವು.

ನಿನ್ನ ಗಣಿತ ಏನಾಯಿತು?

ನಿನ್ನ ಅಕ್ಕ


ನವೆಂಬರ್ 25

ರಾಷ್ಟ್ರೀಯ ಚಾಂಪಿಯನ್ನರ ದಿವ್ಯ ಸನ್ನಿಧಿಗೆ,

ಗಣಿತದ ವಿಷಯವನ್ನು ಈ ಶುಭ ಸಂದರ್ಭದಲ್ಲಿ ಎತ್ತುವುದು ಅನುಚಿತ.

ತಮ್ಮ ಕಾಗದ ಬಂದಾಗ ಅಪ್ಪ ಒಬ್ಬ ಲಾರಿ ಡ್ರೈವರಿಗೆ ಕಾಲು ತೊಡಿಸುತ್ತಿದ್ದರು. ಗೆದ್ದರು ಅಪ್ಪಾ, ಒಂದೇ ಕಾರ್ಡ್ ಎಂದೆ. ಅಪ್ಪ ಸುಮ್ಮನೆ ತಲೆಯಾಡಿಸಿ ಮತ್ತೆ ಕೊಕ್ಕೆ ಹಾಕತೊಡಗಿದರು. ಆದರೆ ಎಡಗಾಲಿನ ಪಟ್ಟಿಯನ್ನು ಬಲಗಡೆಗೆ ಹಾಕುತ್ತಿದ್ದರು. ಲಾರಿ ಡ್ರೈವರೇ ತಿದ್ದಬೇಕಾಯಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸೂಜಿ ಚುಚ್ಚಿತು ಎಂದಳು. ಅವಳ ಕೈಯಲ್ಲಿ ಸೂಜಿ ಇರಲಿಲ್ಲ.

ಲೇಖನ ಮುಗಿಸಿ ಕೊಟ್ಟೆ. ನಿಮ್ಮ ಗೆಲುವಿನ ಸುದ್ದಿ ಪತ್ರಿಕೆಯಲ್ಲೂ ಬಂದಿದ್ದರಿಂದ ಅದನ್ನು ಇಡೀ ಶಾಲೆಯ ಮುಂದೆ ಮೈಕಿನಲ್ಲಿ ಓದಿಸಿದರು. ಏಳುನೂರು ಜನ. ‘ಅವರು ನಡೆಯುತ್ತಾರೆ’ ಎಂಬ ಮೊದಲ ಸಾಲಿಗೇ ಕೊನೆಯ ಬೆಂಚಿನವರು ಶಿಳ್ಳೆ ಹಾಕಿದರು. ಅಂಚೆಯ ಗೂಡುಗಳು, ಎರಡು ನಿಯಮ, ಬಸ್ಸು ಸಿಗುವ ವಿಚಾರ, ಒಂದೂವರೆ ಸುತ್ತು, ಗಂಟೆ, ಎಲ್ಲವೂ ಇವೆ. ಗಂಟೆ ಬಾರಿಸಿದ ಜಾಗಕ್ಕೆ ಬಂದಾಗ ಒಂದೇ ಸಾಲನ್ನು ಎರಡು ಸಲ ಓದಿಬಿಟ್ಟೆ. ಮೈಕಿನ ದೋಷ ಎಂದು ಘೋಷಿಸಿದ್ದೇನೆ. ಓದಿ ಮುಗಿದ ಮೇಲೆ ಏಳುನೂರು ಜನವೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಎದ್ದು ನಿಂತು ಚಪ್ಪಾಳೆ ಹೊಡೆದವರು ಈವರೆಗೆ ಯಾರೂ ಇರಲಿಲ್ಲ, ಎದ್ದು ನಿಲ್ಲು ಎಂದವರೇ ಹೆಚ್ಚು. ನಿಮ್ಮ ಪಾಲಿನ ಚಪ್ಪಾಳೆಯನ್ನು ಇದರೊಂದಿಗೆ ರವಾನಿಸಿದ್ದೇನೆ, ದಯವಿಟ್ಟು ಸ್ವೀಕರಿಸಿ.

ಆಮೇಲೆ ಪ್ರಶ್ನೆ ಕೇಳಲು ಬಿಟ್ಟರು. ಏಳನೆಯ ತರಗತಿಯ ಒಬ್ಬಳು ಎದ್ದು, ಹಿಂದಿನ ವಿಡಿಯೋದಲ್ಲೆಲ್ಲ ಅವರ ಕೈಯಲ್ಲಿ ವಾಚ್ ಇತ್ತು, ಈ ಸಲದ ಚಿತ್ರದಲ್ಲಿ ಇಲ್ಲ, ಯಾಕೆ ಎಂದು ಕೇಳಿದಳು. ಬಹಳ ಅಪಾಯಕಾರಿ ಹುಡುಗಿ.

ಮೈಕ್ ನನ್ನ ಬಾಯಿಯ ಮುಂದೆ ಇತ್ತು. ಏಳುನೂರು ಜನ ಕಿವಿ ನಿಮಿರಿಸಿಕೊಂಡಿದ್ದರು. ಅಕ್ಕಾ, ಈ ಶಾಲೆಯಲ್ಲಿ ನಾನು ಹೇಳಿದ ಯಾವ ಕಥೆಗಿಂತಲೂ ದೊಡ್ಡ ಕಥೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಹತ್ತೊಂಬತ್ತನೆಯ ಸುತ್ತು, ಎರಡು ಕೈ, ಆ ಜೇಬಿನ ಹೊಲಿಗೆ. ಹೇಳಿದ್ದರೆ ಅಂದು ಮನೆಗೆ ನನ್ನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು.

“ಗೊತ್ತಿಲ್ಲ” ಎಂದೆ. “ಬಹುಶಃ ಮನೆಯಲ್ಲೇ ಮರೆತು ಬಂದಿರಬೇಕು.”

ತಮ್ಮ ಹೆಮ್ಮೆಯ,
ಕಪಿ